ಸೊಸಿ ಎದಿಬಡಿತಕ್ಕ ಸಕ್ಕರಿ ಹಂಚಿದೆ

ಹೋದ ತಿಂಗಳು ಒಂದ್ ಮಂಗಳವಾರ ನಮ್ಮ ಓಣ್ಯಾಗ ಮನಿ ಮನಿಗಿ ಹೋಗಿ ಸಕ್ಕರಿ ಹಂಚಿದೆ. ಯಾಕ್ ಅಂತ ಕೇಳ್ರಿ. ನನ್ನ ಸೊಸಿ ಎದಿ ಪಾಸ್ ಆಗಿತ್ತು!

ನಗಬ್ಯಾಡ್ರಿ. ನೀವು ಮೊಮ್ಮಗ ಎಲ್‌ಕೆಜಿ ಪಾಸಾದ್ರ ಪೇಡೆ ಹಂಚತೀರಿ. ಎದಿ ಪಾಸಾದ್ರ ಹಂಚಬಾರದೇನು?

ಹಂಚಿದ ಮೂರನೇ ದಿನಕ್ಕ ತಿಳೀತು, ನಾ ಎಂಥಾ ಹುಚ್ಚಿ ಅಂತ. ಅದನ್ನೇ ಈ ವಾರ ಬರೀಲಾಕತ್ತೀನಿ. ನಾಕ್ ದಿನ ಹತ್ಯದ ಬರೀಲಾಕ. (ನನಗ ಅಕ್ಷರ ಬಂದಿದ್ದೇ ಐವತ್ತು ದಾಟಿದ ಮ್ಯಾಲ. ಒತ್ತಕ್ಷರ ಇವತ್ತಿಗೂ ನನ್ನ ಮಾತು ಕೇಳಂಗಿಲ್ಲ.)

ಮೊದಲು ಸೊಸಿ ಬಗ್ಗೆ ಹೇಳ್ತೀನಿ. ಹೆಸರು ಮಾದೇವಿ. ತೌರು ಗುಂಡಗುರ್ತಿ. ನನ್ನ ಮಗ ಖಣಿಯಿಂದ ಕಲ್ಲು ಹೇರೂ ಟಿಪ್ಪರ್ ಹೊಡೀತಾನ, ಮುಂಜಾನಿ ಹೋದ್ರ ಸಂಜಿಗೇ ಬರಾದು. ಹಗಲೆಲ್ಲ ಮನ್ಯಾಗ ಅತ್ತಿ-ಸೊಸಿ ಇಬ್ಬರೇ. ಮದುವಿ ಆದ ಹೊಸದಾಗ ಈ ಹುಡುಗಿ ನನ್ನ ಕೂಡ ಏನ್ ಜಗಳಾಡ್ತಿದ್ದಳು ಅಂತೀರಿ! ನಾ ಒಂದ್ ಅಂದ್ರ ಆಕಿ ಎರಡು ಅಂತಿದ್ದಳು. ಬಾಜೂ ಮನಿ ಹುಸೇನಬಿ ಗ್ವಾಡಿಗಿ ಕಿವಿ ಹಚ್ಚಿ ಕೇಳ್ತಿದ್ದಳು. "ಅಕ್ಕಾ, ಟೀವಿ ರಿಚಾರ್ಜ್ ಉಳೀತು ನೋಡ್" ಅಂತಿದ್ದಳು.

ಸಕ್ಕರಿ ಹಂಚೂದಕ್ಕ ಏಳು ತಿಂಗಳ ಹಿಂದ ಮಾದೇವಿ ಹಡದಳು. ಕೂಸು ಹೊಟ್ಟ್ಯಾಗೇ ಹೋಗಿತ್ತು. ಆಪರೇಷನ್ ಮಾಡಿ ತೆಗದ್ರು. ಆಕಿಗಿ ಎಚ್ಚರ ಬರಾದ್ರೊಳಗ ಎಲ್ಲ ಮುಗದಿತ್ತು. ಮಣ್ಣು ಮಾಡಿಸಿ ಮುಗಿಸಿದಾಕಿ ನಾನೇ.

ನಮ್ಮ ಕಡೀ ಪದ್ಧತಿ ನಿಮಗ ಗೊತ್ತದ. ಉಸಿರು ತಗೊಳ್ಳದ ಕೂಸಿಗಿ ಹೆಸರಿಲ್ಲ. ಮೂರನೇ ದಿನ ಇಲ್ಲ, ಹನ್ನೊಂದನೇ ದಿನ ಇಲ್ಲ. ಯಾರೂ ಮಾತಾಡ್ಸಲಾಕ ಬರಂಗಿಲ್ಲ. ತಾಯಿಗಿ ಕೂಸಿನ ಮಾರಿ ತೋರಸಂಗಿಲ್ಲ. ತೋರಿಸಿದ್ರ ಮಾಯಾ ಹತ್ತತದ, ಮುಂದಿನ ಬಸಿರು ನಿಲ್ಲಂಗಿಲ್ಲ ಅಂತಾರ. ನಾನೂ ಹಂಗೇ ಮಾಡಿದೆ. ಆಕಿ ದವಾಖಾನಿಯಿಂದ ಮನಿಗಿ ಬರಾದ್ರೊಳಗ ತೊಟ್ಲ ಇಳಿಸಿದೆ, ಹೊಲಿದಿಟ್ಟ ಬಟ್ಟಿ ತೆಗೆದೆ. ಕೂಸಿನ ಹೆಸರಿಗಿ ಒಂದ್ ದಾರ ಸುದ್ದಾ ಆಕಿ ಕಣ್ಣಿಗಿ ಬೀಳಬಾರದು ಅಂತ.

ಬೀಳಲಿಲ್ಲ. ಆಕಿನೂ ಕೇಳಲಿಲ್ಲ.

ಅಳಲೂ ಇಲ್ಲ ನೋಡ್ರಿ. ಎರಡು ತಿಂಗಳಿಗಿ ಎದ್ದು ರೊಟ್ಟಿ ಬಡೀಲಾಕ ಕುಂತಳು. ಕೇಳಿದ್ದಕ್ಕ ಜವಾಬು ಕೊಡ್ತಾಳ. ನಗಾ ಹೊತ್ತಿನಾಗ ನಗ್ತಾಳ. ಪಲ್ಯಾಕ ಉಪ್ಪು ಜಾಸ್ತಿ ಅಂತ ನಾ ಒದರಿದ್ರೂ "ಹೂಂ ಅತ್ತಿ." ಉಪ್ಪು ಕಮ್ಮಿ ಅಂತ ಒದರಿದ್ರೂ "ಹೂಂ ಅತ್ತಿ." ಜಗಳ ಬಂದ್. ನಾ ಏನ್ ತಿಳ್ಕೊಂಡೆ? ಹುಡುಗಿಗಿ ಬುದ್ಧಿ ಬಂತು ಅಂತ. ಓಣಿ ತುಂಬಾ ಹೇಳ್ಕೋತ ತಿರುಗಿದೆ. ನನ್ನ ಸೊಸಿ ಭಾಳ ಗಟ್ಟಿ, ಕಣ್ಣಾಗ ಒಂದ್ ಹನಿ ನೀರು ತೆಗಿಲಿಲ್ಲ ಅಂತ. ಆಕಿ ಎದುರಿಗೇ ಹೇಳಿದೆ. ಆಕಿ ತಲಿ ಬಗ್ಗಿಸಿ ಜ್ವಾಳ ಹಸನ ಮಾಡ್ತಿದ್ದಳು.

ಇಂಥಾದ್ರಾಗ ಆಶಾ ಕಾರ್ಯಕರ್ತೆ ಬಂದಳು. ದವಾಖಾನಿಗಿ ಯಾರೋ ಡಾಕ್ಟ್ರು ಬಂದಾರ, ಒಂದ್ ವರ್ಷದೊಳಗ ಹಡದ ಹೆಣ್ಮಕ್ಕಳ ಎದಿಬಡಿತ ನೋಡ್ತಾರ, ಅದ್ರಿಂದ ಮನಸಿನ ಹೊರಿ ಏನರೆ ತಿಳೀತದೇನು ಅಂತ ರಿಸರ್ಚ್ ನಡಸ್ಯಾರ, ಮಾದೇವಿನ್ನ ಕಳಿಸ್ರಿ ಅಂದಳು.

"ಆಕಿ ಯಾಕವ್ವ?" ಅಂದೆ. "ಆಕಿ ಕೈಯಾಗ ಕೂಸೆಲ್ಲದ?"

"ಲಿಸ್ಟಿನಾಗ ಹೆರಿಗಿ ಅಂತ ಅದ ಆಯಿ, ಕೂಸು ಅಂತ ಇಲ್ಲ" ಅಂದಳು ಆಶಾ.

ಒಳಗಿಂದ ಮಾದೇವಿ ಬಂದು "ಹೋಗ್ತೀನಿ" ಅಂದಳು. ಅಷ್ಟೇ. ಏಳು ತಿಂಗಳಾಗ ಆಕಿ ತಾನಾಗಿ ಬಾಯಿ ಬಿಟ್ಟು ಅಂದ ಮಾತು ಅದೊಂದೇ. ನನ್ನ ತಲಿಗಿ ಅದೂ ಹೋಗಲಿಲ್ಲ.

ಎದಿಗಿ ಒಂದ್ ರಬ್ಬರ್ ಬೆಲ್ಟ್ ಕಟ್ಟಿ ಕಳಿಸಿದ್ರು. ಎರಡು ದಿನ ಕಟ್ಗೊಂಡೇ ಕೆಲಸ ಮಾಡಬೇಕು. ಮಾಡಿದಳು. ಮಂಗಳವಾರ ಆಶಾ ಕೈಯಾಗ ಕಾಗದ ಬಂತು. ಮಾದೇವಿ ಅದನ್ನ ಓದಿ, ಮಡಚಿ, ದೇವರ ಮಾಡದಾಗ ಇಟ್ಟಳು. ನಾ ಬಿಡ್ತೀನೇನು? ಚಷ್ಮಾ ಹಾಕ್ಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬಡಿತಗಳ ನಡುವಿನ ಅಂತರದಲ್ಲಿ ವ್ಯತ್ಯಾಸ: ಕಡಿಮೆ.

ವ್ಯತ್ಯಾಸ ಕಡಿಮೆ! ನನಗ ಕುಣಿಯೂದೊಂದೇ ಬಾಕಿ.

ನಿಮಗ ತಿಳೀಬೇಕಂದ್ರ ನಾನು ಮೂವತ್ತೆಂಟು ವರ್ಷ ಏನ್ ಮಾಡ್ದೆ ಅಂತ ಗೊತ್ತಿರಬೇಕು. ಶಹಾಬಾದದಾಗ ನೆಲಕ್ಕ ಹಾಸೂ ಫರಸಿ ಕಲ್ಲು ಪಾಲಿಶ್ ಮಾಡೂ ಮಷಿನಿನ ಬಾಜೂಕ ನಿಂತಾಕಿ ನಾನು. ಕಲ್ಲು ಮಷಿನಿನ ಕೆಳಗಿಂದ ಹೊರಗ ಬಂತಂದ್ರ ನೀರು ಹೊಡೆದು ರಾಡಿ ತೊಳೀಬೇಕು. ಆಮ್ಯಾಲ ಅದ್ರ ಮ್ಯಾಲ ಕಬ್ಬಿಣದ ಪಟ್ಟಿ ನಿಲ್ಲಿಸಿ, ಬಗ್ಗಿ ನೋಡಬೇಕು. ಪಟ್ಟಿ ಕೆಳಗ ಬೆಳಕು ಕಂಡ್ರ ಕಲ್ಲು ಏರುಪೇರು, ಸೆಕೆಂಡ್ ಮಾಲು. ಬೆಳಕು ಕಾಣದಿದ್ರ ಮಟ್ಟಸ, ಫಸ್ಟ್ ಮಾಲು. ನಾವು "ಫರಕ್ ಇಲ್ಲ" ಅಂತ ಒದರಬೇಕು, ಮುನೀಮ ಖಡುಲೆ ಬಿಳಿ ಗುರುತು ಹಾಕಬೇಕು. ನನ್ನ ಕಣ್ಣಿಗಿ ಇಡೀ ಜಗತ್ತಿನಾಗ ಫರಕ್ ಇಲ್ಲದ್ದೇ ಚಲೋ ಮಾಲು. ಎದಿ ಆದ್ರೇನು, ಫರಸಿ ಆದ್ರೇನು?

ಅದಕ್ಕೇ ಸಕ್ಕರಿ.

ಹುಸೇನಬಿನೂ ಅದೇ ಮಷಿನ್ ಮ್ಯಾಲ ಕೆಲಸ ಮಾಡಿದಾಕಿ. ಬಾಯಾಗ ಸಕ್ಕರಿ ಹಾಕ್ಕೊಂಡು ಕೇಳಿದಳು. "ಅಕ್ಕಾ, ಇಷ್ಟು ಮಟ್ಟಸ ಎದಿ ಅಂದ್ರ ಸೊಸಿನ್ನ ಮನ್ಯಾಗ ಯಾಕ್ ಇಟ್ಗೊಂಡಿ? ಬೆಂಗಳೂರಿಗಿ ಲೋಡ್ ಮಾಡಿ ಕಳಿಸು, ಚಲೋ ರೇಟ್ ಬರ್ತದ."

ಎಲ್ಲಾರೂ ನಕ್ಕೆವು. ಮಾದೇವಿ ಬಾಗಿಲದಾಗ ನಿಂತಿದ್ದಳು. ಆಕಿನೂ ನಕ್ಕಳು. ಎಷ್ಟು ನಗಬೇಕೋ ಅಷ್ಟೇ ನಕ್ಕಳು.

ಗುರುವಾರ ನಾ ಕಾಗದ ಹಿಡ್ಕೊಂಡು ದವಾಖಾನಿಗಿ ಹೋದೆ. ಎರಡು ಕೆಲಸ ಇತ್ತು. ಒಂದು, ಡಾಕ್ಟರಮ್ಮನ ಬಾಯಿಂದ ಸೊಸಿ ಹೊಗಳಿಕಿ ಕೇಳಾದು. ಎರಡು, ನನ್ನ ಎದಿನೂ ಪಾಸ್ ಮಾಡಿಸ್ಕೊಳ್ಳಾದು. ಪುಕ್ಕಟಿ ಇದ್ದಾಗ ಬಿಡಬಾರದು ನೋಡ್ರಿ.

ಡಾಕ್ಟರಮ್ಮ ಅಂದ್ರ ಸಣ್ಣ ಹುಡುಗಿ. ಸೇಡಂ ಕಡೇಕಿ. ಕನ್ನಡದ ನಡುವ ಒಂದೊಂದು ತೆಲುಗು ಮಾತು ಜಾರ್ತಿತ್ತು. ಕಾಗದ ಮುಂದ ಹಿಡಿದೆ. ಆಕಿ ಮುಟ್ಟಲೇ ಇಲ್ಲ.

"ಅಜ್ಜೀ, ಇದರ ಬಗ್ಗೆ ನಾ ಮಾದೇವಿಯವರ ಕೂಡೇ ಮಾತಾಡ್ತೀನ್ರಿ. ನಿಮ್ಮ ಕೂಡ ಆಡಂಗಿಲ್ಲ."

"ಯಾಕ? ನಾ ಆಕಿ ಅತ್ತಿ!"

"ಅದಕ್ಕೇರಿ" ಅಂದಳು.

(ಎದೆಗಾರ್ತಿ. ನನಗ ಅಲ್ಲೇ ಆಕಿ ಮ್ಯಾಲ ಪ್ರೀತಿ ಬಂತು.)

"ಹಂಗಾರ ನಂದು ನೋಡವ್ವ" ಅಂತ ಕುಂತೆ. ನಾ ಆಕಿ ಲಿಸ್ಟಿನಾಗ ಇಲ್ಲಂತ. ನಾ ಹಡೆದು ಮುಗಿಸಿ ಮೂವತ್ತು ವರ್ಷದ ಮ್ಯಾಲಾತು ಅಂದಳು. ನಾ ಏಳಲಿಲ್ಲ. ಕಡೀಕ ಕುಬಸದ ಕೆಳಗ ಬೆಲ್ಟ್ ಕಟ್ಟಿ, ಸ್ಕ್ರೀನ್ ನನ್ನ ಕಡೀ ತಿರುಗಿಸಿದಳು. ನೋಡ್ತೀನಿ, ಗೆರಿ ಮ್ಯಾಲ ಗೆರಿ ಏಳಲಾಕತ್ಯದ. ಒಂದ್ ಗೆರಿ ಇಲ್ಲಿ, ಇನ್ನೊಂದು ಥೋಡೆ ದೂರ, ಮತ್ತೊಂದು ಹತ್ತಿರ. ಹಲ್ಲು ಮುರಿದ ಬಾಚಣಿಗಿ ಹಂಗ.

ನನ್ನ ಮಾರಿ ಇಳೀತು. "ಸೆಕೆಂಡ್ ಮಾಲು" ಅಂದೆ.

"ಏನಂದ್ರಿ?"

"ನಂದು ಫೇಲ್ ಆತಿಲ್ಲ? ಫರಕ್ ಕಾಣಲಾಕತ್ಯದಲ್ಲ."

ಆಕಿ ನಗಲಿಲ್ಲ. ಕುರ್ಚಿ ಹತ್ತಿರ ಎಳ್ಕೊಂಡು ಕುಂತಳು. "ಅಜ್ಜೀ, ಉಸಿರು ಒಳಗ ತಗೋರಿ" ಅಂದಳು. ತಗೊಂಡೆ. ಗೆರಿಗಳು ಹತ್ತಿರ ಹತ್ತಿರ ಬಂದವು. "ಈಗ ಮೆಲ್ಲಕ ಬಿಡ್ರಿ." ಬಿಟ್ಟೆ. ದೂರ ದೂರ ಆದವು. ನನ್ನ ಎದಿ ನನ್ನ ಕಣ್ಣೆದುರಿಗೇ ಉಸಿರಿನ ಮಾತು ಕೇಳ್ತಿತ್ತು. ಎಪ್ಪತ್ತೊಂದು ವರ್ಷ ಹೊತ್ಗೊಂಡು ತಿರುಗೀನಿ, ಇದು ಹಿಂಗ ಮಾಡ್ತದ ಅಂತ ಯಾರರೆ ಹೇಳಿದ್ರೇನು?

"ಇದು ಫೇಲ್ ಅಲ್ಲರಿ" ಅಂದಳು. "ನಿಮ್ಮ ವಯಸ್ಸಿಗಿ ಇದು ಭಾಳ ಚಲೋ ಅದ. ಎದಿ ಗಡಿಯಾರ ಅಲ್ಲ. ಉಸಿರಿಗಿ, ಸಿಟ್ಟಿಗಿ, ನಗಿಗಿ ಚೂರು ಜಲ್ದಿ, ಚೂರು ತಡ ಆಗ್ತಿರಬೇಕು. ತಾಳ ತಪ್ಪಿ ಬಡಿಯೂ ರೋಗ ಬ್ಯಾರೆ. ಇದು ಕಣ್ಣು ಮಿಟುಕಿಸೂದ್ರೊಳಗಿನ ಫರಕ್."

"ಮತ್ತ ಫರಕ್ ಕಡಿಮೆ ಇದ್ದೋರಿಗಿ?"

ಆಕಿ ನನ್ನ ಕೈಯಾಗಿನ ಕಾಗದ ನೋಡಿದಳು. ಜ್ವಾಕಿಲೆ ಮಾತಾಡಿದಳು. "ಯಾರಿಗೀ ಅಂತಲ್ಲ, ಬರೇ ಮಾತಿಗಿ ಹೇಳ್ತೀನ್ರಿ. ಮನಸಿನ ಮ್ಯಾಲ ಭಾಳ ದಿನ ಹೊರಿ ಇದ್ದೋರಾಗ, ಖಿನ್ನತೆ ಇದ್ದೋರಾಗ ಈ ಫರಕ್ ಕಡಿಮೆ ಇರಾದು ಕಾಣಸ್ತದ ಅಂತ ರಿಸರ್ಚಿನಾಗ ಬಂದದ. ಆದ್ರ ನಿದ್ದಿ ಕೆಟ್ರೂ ಕಡಿಮೆ ಆಗ್ತದ, ಜ್ವರ ಬಂದ್ರೂ ಆಗ್ತದ, ವಯಸ್ಸಾದ್ರೂ ಆಗ್ತದ. ಒಬ್ಬರ ಒಂದ್ ಕಾಗದ ನೋಡಿ ಇಂಥಾದ್ದೇ ಅಂತ ಹೇಳಲಾಕ ಬರಂಗಿಲ್ಲ. ನಾವೂ ಇನ್ನೂ ಕಲೀಲಾಕತ್ತೇವಿ. ಮಷಿನ್ ಬಾಗಿಲದ ತನಕ ಬರ್ತದ ಅಜ್ಜೀ. ಒಳಗ ಹೋಗಬೇಕಂದ್ರ ಮನುಷ್ಯಾರೇ ಕೇಳಬೇಕು."

ಆಮ್ಯಾಲ ಬೆಲ್ಟ್ ಬಿಚ್ಚಿಕೋತ ಸಹಜ ಕೇಳಿದಳು. "ಮನಸಿಗಿ ತ್ರಾಸಾದಾಗ ನೀವ್ ಏನ್ ಮಾಡ್ತೀರಿ?"

"ಬೈತೀನಿ."

"ಯಾರಿಗಿ?"

"ಎದುರಿಗಿ ಸಿಕ್ಕೋರಿಗಿ."

"ಮನ್ಯಾಗಿನ ಬಾಕಿ ಮಂದಿ?"

ಬಾಕಿ ಮಂದಿ ಭಾಳ ಗಟ್ಟಿ ಅಂತ ಹೇಳಲಾಕ ಬಾಯಿ ತೆರೆದೆ. ಮುಚ್ಚಿದೆ.

ಆಟೋದಾಗ ಕುಂತು ಮನಿಗಿ ಬರಾ ಹಾದಿ ಇನ್ನೂ ಖಬರ್ ಅದ. ಎರಡೂ ಕಡೀ ಪಾಲಿಶ್ ಮಾಡಿದ ಕಲ್ಲು ಗ್ವಾಡಿಗಿ ಒರಗಿಸಿ ನಿಲ್ಲಿಸಿದ್ರು. ಎಲ್ಲ ಮಟ್ಟಸ. ಹುಟ್ಟಿದಾಗಿಂದ ನೋಡಿದ ಕಲ್ಲು. ಅವತ್ತೇ ಮೊದಲ ಸಲ ಅವುಗಳ ಕಡೀ ನೋಡಲಾಕ ಮನಸಾಗಲಿಲ್ಲ. ಕಲ್ಲು ಮಟ್ಟಸ ಆಗ್ತದ ಅಂದ್ರ ಏನು? ಮ್ಯಾಲಿಂದ ತಿಕ್ಕಿ ತಿಕ್ಕಿ ಉಬ್ಬಿದ್ದನ್ನೆಲ್ಲ ತೆಗೀತಾರ. ನನ್ನ ಸೊಸಿನ್ನ ತಿಕ್ಕಿದಾಕಿ ಯಾರು? ಗಟ್ಟಿ, ಗಟ್ಟಿ, ಗಟ್ಟಿ ಅಂತ ದಿನಕ್ಕ ಹತ್ತು ಸಲ ಅಂದಾಕಿ ಯಾರು? ಒಬ್ಬರಿಗಿ ಅಳಬ್ಯಾಡ ಅಂತ ಬೈದ್ರ ಅವರು ಎದುರು ಮಾತಾಡಬಹುದು. ಅಳಲಿಲ್ಲಂತ ಹೊಗಳಿದ್ರ ಏನ್ ಮಾಡ್ಬೇಕು?

ಮರುದಿನ ಮುಂಜಾನಿ ಮಾದೇವಿ ರೊಟ್ಟಿ ಬಡೀಲಾಕತ್ತಿದ್ದಳು. ನಾ ಒಲಿ ಈ ಕಡೀ ಮಣಿ ಎಳ್ಕೊಂಡು ಕುಂತೆ. ಹಿಟ್ಟು ನಾದೂ ಕೊಣಮಿಗ್ಯಾಗ ಆಕಿ ಕೈ ತಟ ತಟ ತಟ ತಟ ಅಂತ ನಡದಿತ್ತು. ಒಂದೇ ಸಮ.

ನನಗ ನಯವಾಗಿ ಕೇಳಲಾಕ ಬರಂಗಿಲ್ಲ. ಇದ್ದಂಗೇ ಕೇಳಿದೆ. "ಮಾದೇವಿ, ನನಗ ಏನರೆ ಕೇಳಾದು ಅದೇನು ನಿನಗ?"

ತಟ ತಟ ತಟ.

"ಕೇಳಾದಿದ್ರ ಕೇಳು. ಬೈಯಾದಿದ್ರ ಬೈ."

ಕೈ ನಿಂತಿತು. ಹಂಚಿನ ಮ್ಯಾಲಿನ ರೊಟ್ಟಿ ಹೊಗಿ ಬಿಡಲಾಕತ್ತಿತ್ತು. ಆಕಿ ತೆಗಿಲಿಲ್ಲ, ನಾನೂ ತೆಗಿಲಿಲ್ಲ.

ನನ್ನ ಕಡೀ ನೋಡದೇ ಕೇಳಿದಳು. "ಯಾರ್ಹಂಗಿತ್ತು ಅತ್ತಿ?"

ಏಳು ತಿಂಗಳಿಂದ ಈ ಒಂದ್ ಮಾತು ಆಕಿ ಗಂಟಲದಾಗ ಕುಂತಿತ್ತು. ಕೂಸು ಹೆಣ್ಣು ಅಂತ ಸುದ್ದಾ ಆಕಿಗಿ ನರ್ಸಮ್ಮ ಹೇಳಿದ್ದಳಂತ. ನಾ ಹೇಳಿರಲಿಲ್ಲ. ಆ ಮಾರಿ ನೋಡಿದಾಕಿ ಈ ಮನ್ಯಾಗ ನಾನೊಬ್ಬಾಕಿ. ಮಗನೂ ನೋಡಿರಲಿಲ್ಲ, ಹೊರಗ ಕುಂತು ಅಳ್ತಿದ್ದ. ನೋಡಿದ್ದನ್ನ ನನ್ನ ಹತ್ತಿರಾನೇ ಇಟ್ಗೊಂಡು ನಾ ಸುಮ್ಮನಿದ್ದೆ. ಆಕಿ ಒಳ್ಳೇದಕ್ಕ ಅಂತ!

ಹೇಳಿದೆ. "ತಲಿ ತುಂಬ ಕೂದಲಿತ್ತು. ಕರಿ ಕೂದಲ, ಹಸಿ ಇದ್ವು. ಬೆರಳು ಉದ್ದ, ನಿನ್ನವೇ. ಎಡಗಿವಿ ಚೂರು ಮಡಚಿತ್ತು, ನನ್ನ ಮಗಂದು ಹುಟ್ಟಿದಾಗ ಹಂಗೇ ಇತ್ತು. ಮೂಗು..."

"ಮೂಗು?"

"ಮೂಗು ನಂದು. ದಪ್ಪಂದು."

ಮಾದೇವಿ ಮೊದಲ ಸಲ ನನ್ನ ಮಾರಿ ನೋಡಿದಳು. ಭಾಳ ಹೊತ್ತು ನನ್ನ ಮೂಗೇ ನೋಡಿದಳು. ನಾನೂ ಅಲುಗಾಡದೇ ಕುಂತೆ, ನೋಡಲಿ ಅಂತ. ನೋಡಲಾಕ ಬ್ಯಾರೆ ಏನ್ ಉಳದಿತ್ತು ಆಕಿಗಿ?

"ಕುಂಚಗಿ ಪೆಟ್ಟಿಗ್ಯಾಗ ಹುಡುಕಿದೆ. ಯಾರಿಗೋ ಕೊಟ್ಟೀರಿ ಅಂತ ತಿಳ್ಕೊಂಡೆ" ಅಂದಳು.

ಕುಂಚಗಿ ಅಂದ್ರ ಕೂಸಿನ ತಲಿಗಿ ಹಾಕೂದು, ಬೆನ್ನ ಮ್ಯಾಲ ಇಳಿಬೀಳತದ. ಹಸಿರು ಖಣದ್ದು. ಆರನೇ ತಿಂಗಳಾಗ ಆಕಿನೇ ಕೈಲೆ ಹೊಲಿದಿದ್ದಳು, ಅಂಚಿಗಿ ಬಿಳಿ ಮಣಿ ಪೋಣಿಸಿ.

"ಯಾರಿಗಿ ಕೊಡ್ಲಿ? ಅದು ಆಕಿಂದೇ ಅಲ್ಲ?" ಅಂದೆ. "ಹಾಕೇ ಕಳಿಸೀನಿ. ಗದ್ದದ ಕೆಳಗ ಗಂಟು ಹಾಕೀನಿ, ಬಿಗಿ ಹಾಕಿಲ್ಲ."

ಆಗ ಅತ್ತಳು. ಹೆಂಗ ಅತ್ತಳು ಅಂತ ನಾ ಬರಿಯಂಗಿಲ್ಲ, ಅದು ಆಕಿಂದು. ಹಿಟ್ಟಿನ ಕೈಲೆ ಮಾರಿ ಒರಸ್ಕೊಂಡಳು. ಹುಸೇನಬಿ ಅಳು ಕೇಳಿ ಬಾಗಿಲ ತನಕ ಓಡಿ ಬಂದು, ನನ್ನ ಮಾರಿ ನೋಡಿ, ಏನೂ ಕೇಳದೇ ಹೊಳ್ಳಿ ಹೋದಳು. (ಆಕಿ ಆಯುಷ್ಯದಾಗ ಬಾಯಿ ಮುಚ್ಕೊಂಡ್ ಹೋಗಿದ್ದು ಅದೇ ಮೊದಲು.)

ಅತ್ತು ಮುಗಿದ ಮ್ಯಾಲ ಏನಾತು ಗೊತ್ತೇನು? ಎದ್ದು ನಿಂತು ನನ್ನ ಬೈಲಾಕ ಸುರು ಮಾಡಿದಳು. "ಏಳು ತಿಂಗಳು! ಏಳು ತಿಂಗಳು ಬಾಯಿಗಿ ಬೀಗ ಹಾಕ್ಕೊಂಡು ಕುಂತಿರಲ್ಲ ಅತ್ತಿ! ಊರ ಮಂದೀಗೆಲ್ಲ ಬಾಯಿ ಅದ ನಿಮಗ, ನನಗ ಹೇಳಲಾಕ ಇಲ್ಲ! ನಾ ಆಕಿ ತಾಯಿ ಅಲ್ಲೇನು? ಒಂಬತ್ತು ತಿಂಗಳು ಹೊತ್ತಾಕಿ ನಾ, ಮಾರಿ ನೋಡಿದಾಕಿ ನೀವು! ಮ್ಯಾಲ ಗಟ್ಟಿ ಅಂತೀರಿ! ಯಾವ ಗಟ್ಟಿ? ನಿಮ್ಮ ಗಟ್ಟಿಗಿ ಬೆಂಕಿ ಹಚ್ಚಲಿ!"

ಬೈಸ್ಕೊಂಡೆ. ಎರಡು ರೊಟ್ಟಿ ಕರಕಾಗೂ ತನಕ ಬೈಸ್ಕೊಂಡೆ. ನನಗ ಎದುರುತ್ತರ ಕೊಟ್ಟು ಗೊತ್ತೇ ಹೊರತು ಕೇಳಿ ಗೊತ್ತಿಲ್ಲ. ಆದ್ರ ಅವತ್ತು ಆಕಿ ದನಿ ಏರಿದಂಗೆಲ್ಲ ನನ್ನ ಎದಿ ಹಗುರಾಗಲಾಕತ್ತಿತ್ತು. ಮದುವಿ ಹೊಸದಾಗಿನ ಹುಡುಗಿ ಎಲ್ಲಿಂದಲೋ ನಡ್ಕೋತ ಬಂದು ನನ್ನ ಅಡಗಿಮನ್ಯಾಗ ನಿಂತಂಗ ಅನಿಸ್ತು.

ಶನಿವಾರ ಮುಂಜಾನಿ ಕಾಗಿಣಾ ಹೊಳಿ ದಂಡಿಗಿ ಕರ್ಕೊಂಡ್ ಹೋದೆ. ಮಣ್ಣು ಮಾಡಿದಲ್ಲಿ ತಾಯಿ ಹೋಗಬಾರದು ಅಂತಾರ. ಅನ್ನಲಿ. ಜಾಲಿಗಿಡದ ಬಾಜೂಕ ನಾ ಗುರುತಿಗಿ ಒಂದ್ ಫರಸಿ ತುಂಡು ನಿಲ್ಲಿಸಿದ್ದೆ, ಪಾಲಿಶ್ ಹೊಡಿಯದ್ದು. ಮಾದೇವಿ ಅದರ ಮುಂದ ಕುಂತು ಹುಲ್ಲು ಕಿತ್ತಳು. ನನಗ ಕೇಳಲಾರದಂಗ ಮೆಲ್ಲಕ ಏನೋ ಮಾತಾಡಿದಳು. ಹೆಸರು ಇಟ್ಟಳೇನೋ. ನಾ ಕೇಳಿಲ್ಲ. ಹೇಳಾದಿದ್ರ ಹೇಳ್ತಾಳ.

ಈಗ ಗುರುವಾರಕ್ಕೊಮ್ಮೆ ದವಾಖಾನಿಗಿ ಹೋಗ್ತಾಳ. ಅಲ್ಲಿ ಮಾತಾಡ್ಸಲಾಕ ಒಬ್ಬರು ಮೇಡಂ ಬರ್ತಾರ. ಡಾಕ್ಟರಮ್ಮ ಉಸಿರು ಮೆಲ್ಲಕ ಬಿಡೂದು ಕಲಿಸ್ಯಾಳಂತ, ಮುಂಜಾನಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಂದರ್ತಾಳ. ಅದರಿಂದ ಫರಕ್ ಏರ್ಯದೋ ಇಲ್ಲೋ ನನಗ ಗೊತ್ತಿಲ್ಲ. ಹೊಸ ಕಾಗದ ಬಂದದ, ನಾ ಓದಿಲ್ಲ. ಎಲ್ಲಾ ದಿನ ಒಂದೇ ಸಮ ಇರಂಗಿಲ್ಲ ಆಕಿ. ಒಂದೊಂದು ದಿನ ಎದ್ದೇಳಂಗಿಲ್ಲ, ರೊಟ್ಟಿ ನಾನೇ ಬಡೀತೀನಿ. ಒಂದೊಂದು ದಿನ ಹಾಡ್ತಾಳ. ಮೊನ್ನಿ ಪಲ್ಯಾಕ ಉಪ್ಪು ಜಾಸ್ತಿ ಅಂದೆ. "ಹಂಗಾರ ನೀವೇ ಮಾಡ್ಕೋರಿ" ಅಂತ ತಾಟು ಕಸ್ಕೊಂಡಳು. ಗ್ವಾಡಿ ಆ ಕಡಿಂದ ಹುಸೇನಬಿ ಖೊಕ್ ಅಂತ ನಕ್ಕಿದ್ದು ಕೇಳಿಸ್ತು.

ಇದನ್ನ ಬರೀಲೇನು ಅಂತ ಮಾದೇವಿಗಿ ಕೇಳಿದೆ. "ಬರೀರಿ. ಮೂಗಿನ ಮಾತು ಬಿಡಬ್ಯಾಡ್ರಿ" ಅಂದಳು. ಬರದ ಮ್ಯಾಲ ಆಕಿನೇ ಓದಿ ಒತ್ತಕ್ಷರ ತಿದ್ದ್ಯಾಳ.

ನಿಮ್ಮ ಮನ್ಯಾಗೂ ಭಾಳ ಗಟ್ಟಿ ಅಂತ ನೀವೆಲ್ಲ ಹೊಗಳೂ ಹೆಣ್ಮಗಳು ಒಬ್ಬಾಕಿ ಇರ್ತಾಳಲ್ಲ, ಆಕಿ ನಿಮಗ ಏನ್ ಕೇಳಬೇಕಂತ ಕಾಯ್ಕೋತ ಕುಂತಾಳ?